ಪಾಲು ಕೊಳ್ಳುವ, ಪಾಲು ಮಾರುವ ಕಸುಬು

ಬ್ಯಾಂಕಿನವರು ಸಾಲ ಕೊಡುತ್ತಾರೆ, ಬಡ್ಡಿ ಕೇಳುತ್ತಾರೆ. ಪ್ರೈವೇಟ್ ಇಕ್ವಿಟಿಯವರ ದಾರಿ ಬೇರೆ. ಬೆಳೆಯುವ ಕಂಪನಿಯಲ್ಲಿ ಪಾಲು ಕೊಂಡು, ನಾಲ್ಕಾರು ವರ್ಷ ಜೊತೆಗಿದ್ದು, ಪಾಲು ಮಾರಿ ಹೊರಡುತ್ತಾರೆ. ಹಾಕುವ ಹಣದಲ್ಲಿ ಬಹುಪಾಲು ಅವರದ್ದಲ್ಲ. ಪಿಂಚಣಿ ನಿಧಿಗಳು, ವಿಮಾ ಕಂಪನಿಗಳು ನಂಬಿ ಕೊಟ್ಟದ್ದು. ಸಾಮಾನ್ಯವಾಗಿ ಹತ್ತು ವರ್ಷದ ಹೊತ್ತಿಗೆ ಲಾಭಸಹಿತ ಹಿಂದಿರುಗಿಸಬೇಕು.

ಈ ಕಸುಬನ್ನು ಅರಿಯಲು ಮುಂಬಯಿಯ ರೇಣುಕಾ ರಾಮನಾಥ್ ಅವರ ವೃತ್ತಿಜೀವನ ನೋಡಬೇಕು. ಮಾಟುಂಗಾದ ವಿಜೆಟಿಐಯಲ್ಲಿ ಓದಿದ್ದು ಜವಳಿ ಎಂಜಿನಿಯರಿಂಗ್, ಆಮೇಲೆ ಎಂಬಿಎ. 1986ರಲ್ಲಿ ಐಸಿಐಸಿಐ ಸೇರಿದರು. 2001ರಲ್ಲಿ ಐಸಿಐಸಿಐ ವೆಂಚರ್‌ನ ಮುಖ್ಯಸ್ಥೆಯಾದರು. ಈ ಸಂಸ್ಥೆ 1988ರಲ್ಲಿ ಟಿಡಿಐಸಿಐ ಎಂಬ ಹೆಸರಿನಿಂದ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ!

ದೆಹಲಿಯ ಕೇಳುಗರಿಗೆ ಸಾಕೇತ್‌ನ ಪಿವಿಆರ್ ಗೊತ್ತು. 1997ರಲ್ಲಿ ಆ ಮಲ್ಟಿಪ್ಲೆಕ್ಸ್ ತೆರೆದಾಗ ಜೊತೆಗಿದ್ದ ಆಸ್ಟ್ರೇಲಿಯಾದ ವಿಲೇಜ್ ರೋಡ್‌ಶೋ ಕಂಪನಿ, 2001ರ ಅಮೆರಿಕದ ದಾಳಿಯ ನಂತರ ಕೈಬಿಟ್ಟಿತು. ಮುಂದಿನ ಚಿತ್ರಮಂದಿರಗಳಿಗೆ ದುಡ್ಡೆಲ್ಲಿ? 2003ರಲ್ಲಿ ಐಸಿಐಸಿಐ ವೆಂಚರ್ ಸುಮಾರು 40 ಕೋಟಿ ರೂಪಾಯಿ ಹಾಕಿತು. 2006ರಲ್ಲಿ ಪಿವಿಆರ್ ಷೇರುಪೇಟೆಗೆ ಬಂತು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್‌ಗೂ ಇದೇ ಸಂಸ್ಥೆ ಹಣ ಕೊಟ್ಟಿತ್ತು. ಆ ವಿಮಾನಗಳ ಕತೆ ಕೊನೆಗೆ ಕಿಂಗ್‌ಫಿಷರ್‌ನಲ್ಲಿ ಲೀನವಾದದ್ದು ನಿಮಗೆ ತಿಳಿದದ್ದೇ.

ರೇಣುಕಾ ಅವರ ಕಾಲದಲ್ಲಿ ಸಂಸ್ಥೆ ನೋಡಿಕೊಳ್ಳುತ್ತಿದ್ದ ಮೊತ್ತ ಸುಮಾರು 200 ಕೋಟಿ ಡಾಲರಿಗೆ ಏರಿತು. ಅಂಥ ಕುರ್ಚಿಯನ್ನು 2009ರಲ್ಲಿ ಬಿಟ್ಟು ಎದ್ದರು. ಕಾಲ ಎಂಥದ್ದು ನೋಡಿ. ಲೇಮನ್ ಬ್ರದರ್ಸ್ ಮುಳುಗಿ ಒಂದು ವರ್ಷವೂ ಆಗಿರಲಿಲ್ಲ, ಹಣವಂತರೆಲ್ಲ ಕೈಕಟ್ಟಿ ಕೂತಿದ್ದರು. ಬೆನ್ನಿಗೆ ಐಸಿಐಸಿಐ ಹೆಸರೂ ಇಲ್ಲ. ಹೀಗಿದ್ದೂ ಅವರ ಹೊಸ ಸಂಸ್ಥೆ ಮಲ್ಟಿಪಲ್ಸ್‌ನ ಮೊದಲ ನಿಧಿಗೆ 40 ಕೋಟಿ ಡಾಲರ್ ಕೂಡಿತು. ಕೊಟ್ಟವರಲ್ಲಿ ಕೆನಡಾದ ಪಿಂಚಣಿ ನಿಧಿಯೂ ಒಂದು. ನನ್ನ ಮಟ್ಟಿಗೆ ಅವರ ವೃತ್ತಿಯಲ್ಲಿ ಎಲ್ಲಕ್ಕಿಂತ ದೊಡ್ಡ ವ್ಯವಹಾರ ಇದೇ. ಅಲ್ಲಿ ಅಡವಿಟ್ಟದ್ದು ಒಬ್ಬರ ಹೆಸರು ಮಾತ್ರ.

ನಮ್ಮಂಥ ಉದಯೋನ್ಮುಖ ಮಾರುಕಟ್ಟೆಗಳಲ್ಲಿ ಇನ್ನೊಂದು ಪೇಚು ಉಂಟು. ಲೆಕ್ಕ ಹಾಕೋಣ. 2011ರ ಆರಂಭದಲ್ಲಿ ಡಾಲರಿಗೆ ಸುಮಾರು 45 ರೂಪಾಯಿ. ಆಗ 100 ಡಾಲರ್ ತಂದವರ ಕೈಲಿ 4,500 ರೂಪಾಯಿ. ಅದು ದುಪ್ಪಟ್ಟಾಗಿ 9,000 ಆಯಿತೆನ್ನಿ. 2013ರ ಆಗಸ್ಟ್ ಕೊನೆಗೆ ಡಾಲರ್ 68 ರೂಪಾಯಿ ಮುಟ್ಟಿತು. ಆ ದಿನ ಹಣ ಒಯ್ದವರಿಗೆ ಸಿಗುವುದು 132 ಡಾಲರ್ ಅಷ್ಟೇ! ಕಂಪನಿ ಚೆನ್ನಾಗಿಯೇ ನಡೆದಿದೆ, ಮಾಲೀಕರದ್ದೂ ತಪ್ಪಿಲ್ಲ, ಆದರೂ ಲಾಭ ಕರಗಿತು. ಟೊರಾಂಟೊದಲ್ಲಿ ಕುಳಿತ ಹೂಡಿಕೆದಾರರಿಗೆ ಇದನ್ನು ವಿವರಿಸಬೇಕಾದವರು ಮುಂಬಯಿಯ ಈ ಕಚೇರಿಯವರು.

ಆದ್ದರಿಂದಲೇ ಕೊಳ್ಳುವಾಗಲೇ ‘ಮುಂದೆ ಇದನ್ನು ಯಾರು ಕೊಂಡಾರು?’ ಎಂದು ಯೋಚಿಸಬೇಕಾಗುತ್ತದೆ. ಬೆಂಗಳೂರಿನಲ್ಲಿ ಮಿಲ್‌ಟೆಕ್ ಎಂಬ ಕಂಪನಿ ಇದೆ. ಅಕ್ಕಿ ಗಿರಣಿಯ ಯಂತ್ರಗಳನ್ನು ತಯಾರಿಸುತ್ತದೆ. ಪೇಟೆಯಲ್ಲಿ ಸದ್ದು ಮಾಡುವ ಹೆಸರಲ್ಲ. ಮಲ್ಟಿಪಲ್ಸ್ ಅಲ್ಲಿ ಪಾಲು ಕೊಂಡಿತ್ತು. 2019ರಲ್ಲಿ ಅದನ್ನು ಕೊಂಡವರು ಧಾನ್ಯ ಸಂಗ್ರಹದ ಸಲಕರಣೆ ತಯಾರಿಸುವ ಎಜಿಐ ಕಂಪನಿ. ಅದೂ ಕೆನಡಾದ್ದೇ.