ಪಾಟೀಸವಾಲು ಮುಗಿದ ಮೇಲೆ



ಕಡೂರು ತಾಲ್ಲೂಕಿನ ಯಗಟಿಯಂಥ ಊರಿನ ಕಟ್ಟೆಯ ಮೇಲೆ ನ್ಯಾಯ ನಡೆಯುತ್ತಿದೆ ಎಂದು ಎಣಿಸಿಕೊಳ್ಳಿ. ಒಬ್ಬನು ಇನ್ನೊಬ್ಬನ ಕೈ ಮುರಿದಿದ್ದಾನೆ, ತಪ್ಪು ಸಾಬೀತಾಗಿದೆ. ದಂಡ ಹೇಳುವ ಮುನ್ನ ಹಿರಿಯರು ಪೆಟ್ಟು ತಿಂದವನತ್ತ ತಿರುಗಿ, ‘ಇನ್ನು ಮರ ಹತ್ತಿ ಕಾಯಿ ಕೀಳಬಲ್ಲೆಯೇನಪ್ಪ?’ ಎಂದು ಕೇಳುತ್ತಾರೆ. ಅವನು ಕೊಡುವ ಉತ್ತರವೇ ಕಾನೂನಿನ ಭಾಷೆಯಲ್ಲಿ ‘ಸಂತ್ರಸ್ತರ ಹಾನಿ ಹೇಳಿಕೆ’.

ಕೈ ಮುರಿದವನೂ ಮುರಿಸಿಕೊಂಡವನೂ ಸಿಪಾಯಿಗಳಾಗಿದ್ದರೆ? ವಿಚಾರಣೆ ಕೋರ್ಟ್ ಮಾರ್ಷಲ್‌ಗೆ ಹೋಗಬಹುದು. ಅಲ್ಲಿ ಬರೀ ಹುಕುಂ ನಡೆಯುತ್ತದೆ ಎಂಬ ತಿಳಿವಳಿಕೆ ಸರಿಯಲ್ಲ. 1954ರ ಸೇನಾ ನಿಯಮಗಳ 22ನೆಯ ನಿಯಮದಂತೆ, ಕಮಾಂಡಿಂಗ್ ಅಧಿಕಾರಿಯ ಮುಂದೆ ಆರೋಪದ ವಿಚಾರಣೆಯಾಗುವಾಗಲೇ ಸಾಕ್ಷಿಗಳನ್ನು ಪಾಟೀಸವಾಲು ಮಾಡುವ ಸ್ವಾತಂತ್ರ್ಯ ಆರೋಪಿಗೆ ಸಾಮಾನ್ಯವಾಗಿ ಉಂಟು. 1950ರ ಸೇನಾ ಕಾಯ್ದೆಯ 133ನೆಯ ಸೆಕ್ಷನ್ ದೇಶದ ಸಾಕ್ಷ್ಯ ಕಾನೂನನ್ನೇ ಕೋರ್ಟ್ ಮಾರ್ಷಲ್‌ಗೂ ಅನ್ವಯಿಸುತ್ತದೆ.

ತೊಡಕಿರುವುದು ಅಪರಾಧ ಸಾಬೀತಾದ ನಂತರ. 64ನೆಯ ನಿಯಮವನ್ನು ತೆಗೆದು ಓದಿ. ಶಿಕ್ಷೆ ಗೊತ್ತುಮಾಡುವ ಮುನ್ನ ಅಪರಾಧಿಯ ನಡತೆ, ವಯಸ್ಸು, ಸೇವೆ, ಶೌರ್ಯ, ಪದಕ, ಹಿಂದಿನ ಶಿಕ್ಷೆ, ಇಷ್ಟನ್ನೂ ದಾಖಲಿಸಿಕೊಳ್ಳಬೇಕು. ಆ ಸಾಕ್ಷಿಯನ್ನೂ ಅವನು ಪಾಟೀಸವಾಲು ಮಾಡಬಹುದು. ಶಿಕ್ಷೆ ತಗ್ಗಿಸಿರೆಂದು ಕೇಳಿಕೊಳ್ಳಬಹುದು. ಎಲ್ಲವೂ ನ್ಯಾಯವೇ. ಆದರೆ ಕೈ ಮುರಿಸಿಕೊಂಡವನ ಮಾತಿಗೆ ಅಲ್ಲಿ ಒಂದು ಸಾಲೂ ಇಲ್ಲ. ಸಾಕ್ಷಿಯಾಗಿ ಬಂದ, ಕೇಳಿದ್ದಕ್ಕೆ ಉತ್ತರಿಸಿದ, ಹೊರಟ.

ನಾಗರಿಕ ನ್ಯಾಯಾಲಯಗಳ ಮಟ್ಟಿಗೆ ಈ ಕೊರತೆಯನ್ನು ಎತ್ತಿ ತೋರಿಸಿದ್ದು ನಮ್ಮ ಬಾಗಲಕೋಟೆಯಿಂದ ಹೋದ ಮೊಕದ್ದಮೆ. ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ, 2018ರ ಅಕ್ಟೋಬರ್‌ನಲ್ಲಿ, ತಕ್ಕ ಶಿಕ್ಷೆ ಆಗಬೇಕಾದರೆ ಹಾನಿ ಹೇಳಿಕೆಗೆ ಮನ್ನಣೆ ಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು.

ಹಾಗಾದರೆ ಆ ಹೇಳಿಕೆಯನ್ನೂ ಪಾಟೀಸವಾಲಿಗೆ ಒಡ್ಡಬೇಕೆ? ಅಮೆರಿಕದ ಸೇನಾ ನ್ಯಾಯಾಲಯಗಳು ಒಂದು ದಾರಿ ಹಿಡಿದಿವೆ. ಪ್ರಮಾಣ ಮಾಡಿ ಹೇಳಿದರೆ ಪ್ರಶ್ನೆಗಳನ್ನು ಎದುರಿಸಬೇಕು. ಪ್ರಮಾಣವಿಲ್ಲದೆ ಹೇಳಿದರೆ ಪ್ರಶ್ನೆ ಇಲ್ಲ, ಆದರೆ ಅದರಲ್ಲಿನ ಸಂಗತಿಗಳನ್ನು ಎದುರು ಪಕ್ಷ ಅಲ್ಲಗಳೆಯಬಹುದು. ನನಗೆ ಈ ದಾರಿ ಒಪ್ಪಿಗೆ. ಎದುರು ನಿಂತವನಿಗೂ ನೌಕರಿ ಹೋದೀತು, ಸೆರೆಮನೆ ಬಂದೀತು. ಅಳುವಿನ ಭರದಲ್ಲಿ ಬಂದ ಸುಳ್ಳು ಅವನ ಶಿಕ್ಷೆಯನ್ನು ಹೆಚ್ಚಿಸಬಾರದು. ಕೈ ಎಷ್ಟು ಮಡಿಸಲು ಬರುತ್ತದೆಂದು ವೈದ್ಯರನ್ನು ಕೇಳಲಿ. ರಾತ್ರಿ ನಿದ್ದೆ ಬರುವುದಿಲ್ಲ ಎಂದವನನ್ನು, ‘ಅದಕ್ಕೇನು ಪುರಾವೆ?’ ಎಂದು ಕೇಳಿ ಯಾವ ವಕೀಲರು ಏನನ್ನು ಸಾಧಿಸಿಯಾರು?