ಗೋಬಿಯ ಕೆಂಪು, ಜೀವಕೋಶದ ಪಂಪು

 

ಪಂಪು ಅಂದ್ರೇನು ಅಂತ ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಚಿಂತಾಮಣಿ ಆಗ್ಲಿ, ಗೌರಿಬಿದನೂರು ಆಗ್ಲಿ, ವರ್ಷವಿಡೀ ಹರಿಯೋ ನದಿ ಇಲ್ಲ. ಬೋರ್‌ವೆಲ್ ಮೋಟ್ರು ನಿಂತ್ರೆ ತೋಟ ಒಣಗುತ್ತೆ. ನಮ್ಮ ಜೀವಕೋಶಗಳ ಪೊರೆಯಲ್ಲೂ ಪಂಪುಗಳಿವೆ. ಅವು ಎತ್ತೋದು ನೀರನ್ನಲ್ಲ, ಅಯಾನುಗಳನ್ನ. ಸೋಡಿಯಂ-ಪೊಟ್ಯಾಸಿಯಂ ಪಂಪು ಒಂದು ಸುತ್ತಿಗೆ 3 ಸೋಡಿಯಂ ಅಯಾನು ಹೊರಗೆ ಹಾಕಿ, 2 ಪೊಟ್ಯಾಸಿಯಂ ಒಳಗೆ ತರುತ್ತೆ. ಇದಕ್ಕೆ ಕರೆಂಟು ಕೊಡೋದು ಎಟಿಪಿ ಅನ್ನೋ ಅಣು. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿ ಕಾಲಿನ ನರದಲ್ಲಿ ಈ ಪಂಪನ್ನ ಕಂಡುಹಿಡಿದ್ರು. 1997ರಲ್ಲಿ ನೊಬೆಲ್ ಬಂತು.

ಈಗ ಬಣ್ಣದ ಕತೆಗೆ ಬರೋಣ. ಇಯೋಸಿನ್ ಅನ್ನೋದು ಬೆಳಕು ಬಿದ್ರೆ ಹೊಳೆಯೋ ಗುಲಾಬಿ ಬಣ್ಣ. ಲ್ಯಾಬಲ್ಲಿ ಬಯಾಪ್ಸಿ ಸ್ಲೈಡಿಗೆ ಹಚ್ಚೋದು ಇದನ್ನೇ. ಇದರ ಅಣು ಚಪ್ಪಟೆ. ಪಂಪಿನಲ್ಲಿ ಎಟಿಪಿ ಕೂರೋ ಜಾಗಕ್ಕೆ ಇದೂ ಹೋಗಿ ಕೂತ್ಕೊಳ್ಳುತ್ತೆ. ಸ್ಟಾರ್ಟರ್ ಡಬ್ಬದಲ್ಲಿ ಫ್ಯೂಸ್ ಜಾಗಕ್ಕೆ ಯಾರೋ ಮರದ ತುಂಡು ಸಿಕ್ಕಿಸಿದ ಹಾಗೆ! ಎಟಿಪಿಗೆ ಜಾಗ ಇಲ್ಲ, ಪಂಪು ನಿಂತೋಯ್ತು. ಕೂತ ಮೇಲೆ ಇಯೋಸಿನ್ನಿನ ಹೊಳಪು ಬದಲಾಗುತ್ತೆ. ಅದನ್ನೇ ಅಳೆದು ಸ್ಕೌ ತಂಡ 1981ರಲ್ಲಿ ಎಟಿಪಿ ಹೇಗೆ ಕೂರುತ್ತೆ ಅಂತ ಪತ್ತೆ ಮಾಡ್ತು. ಕೆಂಪು ರಕ್ತಕಣದ ಕ್ಯಾಲ್ಸಿಯಂ ಪಂಪನ್ನ ತಡೆಯೋಕಂತೂ ಇನ್ನೂ ಕಡಿಮೆ ಇಯೋಸಿನ್ ಸಾಕು.

ಹಾಗಾದ್ರೆ ಬೀದಿಬದಿಯ ಕೆಂಪು ಗೋಬಿ ತಿಂದ್ರೆ ಪಂಪು ನಿಲ್ಲುತ್ತಾ? ವಾಟ್ಸಾಪಿಗೆ ಫಾರ್ವರ್ಡ್ ಮಾಡೋ ಮೊದಲು ಸ್ವಲ್ಪ ತಾಳಿ. ಪ್ರಯೋಗನಾಳಿಕೆ ಬೇರೆ, ತಟ್ಟೆ ಬೇರೆ. ಪಂಪಿನ ಸ್ಟಾರ್ಟರ್ ಇರೋದು ಜೀವಕೋಶದ ಒಳಗಡೆ. ಇಯೋಸಿನ್ ಪೊರೆ ದಾಟಿ ಸುಲಭವಾಗಿ ಒಳಗೆ ಹೋಗಲ್ಲ.

ಆದ್ರೆ ರೋಡಮಿನ್ ಗುಂಪಿನ ಬಣ್ಣಗಳು ಹಾಗಲ್ಲ, ಪೊರೆ ದಾಟ್ತವೆ. ಅವುಗಳಲ್ಲಿ ರೋಡಮಿನ್ 6ಜಿ ಅನ್ನೋದು ಮೈಟೊಕಾಂಡ್ರಿಯಾದಲ್ಲಿ ಎಟಿಪಿ ತಯಾರಾಗೋದನ್ನೇ ತಡೆಯುತ್ತೆ ಅಂತ ಪ್ರಯೋಗಗಳು ತೋರಿಸಿವೆ. ಅಂದ್ರೆ ಇಲ್ಲಿ ಫ್ಯೂಸಲ್ಲ, ಪವರ್ ಹೌಸಿಗೇ ಕೈ. ಅದರ ಸೋದರ ರೋಡಮಿನ್-ಬಿ ಬಟ್ಟೆಗೆ ಹಾಕೋ ಬಣ್ಣ. ಆಹಾರದಲ್ಲಿ ಅದಕ್ಕೆ ಅನುಮತಿಯೇ ಇಲ್ಲ. ರಾಜ್ಯದಲ್ಲಿ ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣಗಳು ಸಿಕ್ಕಿದ್ವು. ಆಮೇಲೆ 2024ರ ಮಾರ್ಚ್ 11ರಂದು ಸರ್ಕಾರ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಇಂಥ ಬಣ್ಣ ಹಾಕೋದನ್ನ ನಿಷೇಧಿಸ್ತು. ಅದಕ್ಕೆ ಕೊಟ್ಟ ಮುಖ್ಯ ಕಾರಣ ಪಂಪಲ್ಲ. ಬಹಳ ಕಾಲ ತಿಂದ್ರೆ ಕ್ಯಾನ್ಸರ್ ಬರಬಹುದು ಅನ್ನೋ ಆತಂಕ.

ಶಿಡ್ಲಘಟ್ಟದವರಿಗೆ ಒಂದು ವಿಷಯ. 2011ರಲ್ಲಿ ಸಿಂಗಪುರದ ವಿಜ್ಞಾನಿಗಳು ರೇಷ್ಮೆಹುಳಕ್ಕೆ ಮೇವಿನ ಜೊತೆ ರೋಡಮಿನ್-ಬಿ ತಿನ್ನಿಸಿದ್ರು. ಹುಳ ಗೂಡು ಕಟ್ತು, ರೇಷ್ಮೆ ಗುಲಾಬಿ ಬಣ್ಣಕ್ಕೆ ಬಂತು. ಹುಳ ಬದುಕಿತು ಅಂತ ಮನುಷ್ಯನಿಗೂ ಸೇಫ್ ಅನ್ನೋ ಹಾಗಿಲ್ಲ. ಆ ಹುಳದ ಆಯಸ್ಸು ಕೆಲವೇ ವಾರ, ನಾವು ತಿನ್ನೋದು ವರ್ಷಗಟ್ಟಲೆ. ಅದು ತೋರಿಸೋದು ಒಂದೇ: ತಿಂದ ಬಣ್ಣ ಹೊಟ್ಟೇಲೇ ಉಳಿಯಲ್ಲ, ಮೈಯೊಳಗೂ ಇಳಿಯಬಹುದು.

ಮುಂದಿನ ಸಲ ಗಾಡಿ ಹತ್ರ ನಿಂತಾಗ ಜಗಳ ಬೇಡ, ಭಯನೂ ಬೇಡ. "ಅಣ್ಣಾ, ಬಣ್ಣ ಹಾಕ್ದೆ ಮಾಡ್ಕೊಡಿ" ಅನ್ನಿ, ಸಾಕು. ಗೋಬಿಯ ರುಚಿ ಇರೋದು ಬೆಳ್ಳುಳ್ಳಿ, ಮೆಣಸಿನಕಾಯಲ್ಲಿ. ಮತ್ತೆ ಸಿಗೋಣ.