ಹಲವು ಬೀಗ, ಒಂದು ಗೊಂಚಲು



ರಾಜ್ಯೋತ್ಸವದ ವೇದಿಕೆಯಲ್ಲಿ ಬ್ಯಾಂಕಿನ ಗುಮಾಸ್ತನೊಬ್ಬನು ನುಡಿಯ ಹಿರಿಮೆಯನ್ನು ಕುರಿತು ಮಾತನಾಡುವುದು ಅಧಿಕಪ್ರಸಂಗವಾದೀತು. ಆದುದರಿಂದ ಗುಟ್ಟಾಗಿಡಬೇಕಾದ ಒಂದೇ ಬಗೆಯ ನುಡಿಯ ವಿಷಯವಾಗಿ, ಎಂದರೆ ಪಾಸ್‌ವರ್ಡ್ ಅಥವಾ ಗುಪ್ತಪದದ ವಿಷಯವಾಗಿ, ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ದೇವಳಾಲಿ ಕ್ಯಾಂಪಿಗೆ ಹತ್ತಿರದ ನಾಸಿಕ ರೋಡಿನಲ್ಲಿ ನೋಟುಗಳು ಅಚ್ಚಾಗುತ್ತವೆ. ಅಲ್ಲಿಯ ಕಾವಲು ಎಷ್ಟು ಬಿಗಿಯೆಂಬುದನ್ನು ತಾವು ಬಲ್ಲಿರಿ. ಆ ಹಣವು ನಮ್ಮ ಖಾತೆಗೆ ಬಂದ ಮೇಲೆ ಅದರ ಕಾವಲಿಗೆ ನಾವು ನಿಲ್ಲಿಸುವುದು ಮಗನ ಹೆಸರನ್ನೂ ಅವನು ಹುಟ್ಟಿದ ವರ್ಷವನ್ನೂ!

ನಮ್ಮಂಥ ವಲಸೆಗಾರರ ಮನೆಗಳನ್ನು ನೋಡಿರಿ. ಯಜಮಾನರಿಗೆ ವರ್ಗ, ಮಗಳು ಪುಣೆಯಲ್ಲಿ, ತಾಯಿತಂದೆ ಧಾರವಾಡದಲ್ಲಿ. ಫೋನಿನಲ್ಲಿ ಕ್ರೋಮ್, ಲ್ಯಾಪ್‌ಟಾಪಿನಲ್ಲಿ ಫೈರ್‌ಫಾಕ್ಸ್, ಐಪ್ಯಾಡಿನಲ್ಲಿ ಸಫಾರಿ. ಒಂದೊಂದು ಬ್ರೌಸರೂ ಗುಪ್ತಪದವನ್ನು ಉಳಿಸಿಕೊಳ್ಳಲೇ ಎಂದು ಕೇಳುತ್ತದೆ. ನಾವು ಹೂಂ ಎನ್ನುತ್ತೇವೆ. ಕೆಲಕಾಲದಲ್ಲಿ ಒಂದರಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು. ಬೇಸತ್ತು ಎಲ್ಲ ಬೀಗಗಳಿಗೂ ಒಂದೇ ಕೈ ಮಾಡಿಸುತ್ತೇವೆ. ಯಾವುದೋ ಅಂಗಡಿಯ ತಾಣದಿಂದ ಸೋರಿದ ಆ ಕೈಯನ್ನು ಕಳ್ಳನು ನಮ್ಮ ಈಮೇಲಿಗೂ ಬ್ಯಾಂಕಿಗೂ ತೂರಿಸಿ ನೋಡುತ್ತಾನೆ.

ಇದಕ್ಕೆ ಉಪಾಯ ಪಾಸ್‌ವರ್ಡ್ ಮ್ಯಾನೇಜರ್ ಎಂಬ ಗೊಂಚಲು. ಬಿಟ್‌ವಾರ್ಡನ್ ಮೊದಲಾದವು ಈ ಎಲ್ಲ ಬ್ರೌಸರುಗಳಲ್ಲಿಯೂ ಫೋನುಗಳಲ್ಲಿಯೂ ನಡೆಯುತ್ತವೆ. ಪ್ರತಿ ತಾಣಕ್ಕೂ ಬೇರೆ ಬೇರೆ ಗುಪ್ತಪದವನ್ನು ಅವೇ ಹುಟ್ಟಿಸುತ್ತವೆ. ನಾವು ನೆನಪಿಡಬೇಕಾದುದು ಒಂದೇ ಮುಖ್ಯ ಗುಪ್ತಪದ. 2022ರಲ್ಲಿ ಲಾಸ್ಟ್‌ಪಾಸ್ ಸಂಸ್ಥೆಯಿಂದ ಗ್ರಾಹಕರ ಬೀಗಹಾಕಿದ ಪೆಟ್ಟಿಗೆಗಳೇ ಕಳುವಾದವು. ಮುಖ್ಯ ಗುಪ್ತಪದ ದುರ್ಬಲವಾಗಿದ್ದವರಿಗೆ ಅಪಾಯ ಹೆಚ್ಚು. ಆದುದರಿಂದ ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದಗಳನ್ನು ಪೋಣಿಸಿರಿ. ಗಾದೆ, ಹಾಡಿನ ಸಾಲು ಬೇಡ.

ಬ್ರೌಸರುಗಳಲ್ಲಿರುವುದನ್ನು ಹೊರತೆಗೆಯುವಾಗ ದೊರೆಯುವ ಕಡತವು ಯಾರಾದರೂ ಓದಬಹುದಾದುದು. ಗೊಂಚಲಿಗೆ ಸೇರಿಸಿದೊಡನೆ ಅದನ್ನು ಪೂರ್ತಿಯಾಗಿ ಅಳಿಸಿರಿ. ಬ್ರೌಸರು ತಾನೇ ಉಳಿಸಿಕೊಳ್ಳುವುದನ್ನೂ ನಿಲ್ಲಿಸಿರಿ. ಅನಂತರ ಮೊದಲು ಈಮೇಲಿನ, ಆಮೇಲೆ ಬ್ಯಾಂಕಿನ ಗುಪ್ತಪದವನ್ನು ಬದಲಿಸಿರಿ. ಒಟಿಪಿಯನ್ನು ಮಾತ್ರ ಯಾರಿಗೂ ಹೇಳಕೂಡದು.

ಇನ್ನೊಂದು ಮಾತು. ರಿಜರ್ವ್ ಬ್ಯಾಂಕಿನ ಆದೇಶದಂತೆ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ತಾಣಗಳನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಸಾಗಿಸಬೇಕಾಗಿತ್ತು. ಹಳೆಯ ವಿಳಾಸವನ್ನು ಬಲ್ಲ ಗೊಂಚಲು ಹೊಸ ಬಾಗಿಲಲ್ಲಿ ಸುಮ್ಮನಿದ್ದೀತು. ಅದು ದೋಷವಲ್ಲ, ಗುಣ. ಖೋಟಾ ತಾಣದಲ್ಲಿಯೂ ಅದು ಹೀಗೆಯೇ ಸುಮ್ಮನಿರುತ್ತದೆ. ಆಗ ಅವಸರಪಟ್ಟು ಗುಪ್ತಪದವನ್ನು ಕೈಯಾರೆ ತುಂಬದೆ, ಶಾಖೆಯಲ್ಲಿ ವಿಳಾಸವನ್ನು ವಿಚಾರಿಸಿಕೊಂಡು ಗೊಂಚಲಿನಲ್ಲಿ ತಿದ್ದಿಕೊಳ್ಳಿರಿ.

ಮುಖ್ಯ ಗುಪ್ತಪದ ಮರೆತರೆ ಸಾಮಾನ್ಯವಾಗಿ ಕಂಪೆನಿಯೂ ತೆರೆದುಕೊಡಲಾರದು. ಅದನ್ನು ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಮುಚ್ಚಿ, ಮನೆಯ ಪತ್ರಗಳೊಡನೆ ಭದ್ರವಾಗಿಡಿರಿ. ಪರಊರಿನಲ್ಲಿ ಆಪತ್ತು ಬಂದಾಗ ವಿಮೆಯ, ವಿದ್ಯುತ್ತಿನ ಲೆಕ್ಕವೆಲ್ಲಿದೆಯೆಂದು ಹೆಂಡತಿ ಮಕ್ಕಳು ಅಲೆಯುವಂತಾಗಬಾರದು. ಆದರೆ ಗುಪ್ತಪದವು ವಾರಸುಪತ್ರವಲ್ಲ. ಖಾತೆದಾರನು ತೀರಿಕೊಂಡ ಮೇಲೆ ಅದರಿಂದ ಹಣ ತೆಗೆಯುವುದು ಸಲ್ಲದು, ಅದಕ್ಕೆ ನಾಮನಿರ್ದೇಶನವಿದೆ. 2025ರ ನವೆಂಬರ್ 1ರಿಂದ, ಎಂದರೆ ರಾಜ್ಯೋತ್ಸವದ ದಿನದಿಂದಲೇ, ಒಂದು ಖಾತೆಗೆ ನಾಲ್ವರವರೆಗೆ ಹೆಸರಿಸಲು ಅವಕಾಶವಾಗಿದೆ.

ಗೊಂಚಲು ಬದುಕಿರುವಾಗಿನ ಅನುಕೂಲಕ್ಕೆ, ನಾಮನಿರ್ದೇಶನ ಅನಂತರದ ನೆಮ್ಮದಿಗೆ. ಎರಡನ್ನೂ ಈ ತಿಂಗಳೇ ಮಾಡಿ ಮುಗಿಸಬೇಕೆಂದು ಬೇಡಿ, ನನ್ನ ಮಾತನ್ನು ಮುಗಿಸುತ್ತೇನೆ.